ಮಲ್ಲಣ್ಣನ ಬೆಂಚು

ಕಳೆದ ವಾರ ಅನುಭವ ಪ್ರಮಾಣಪತ್ರ ತರಲೆಂದು ಜಯನಗರದ ನನ್ನ ಹಳೆಯ ಕಾಲೇಜಿಗೆ ಹೊರಟವಳು, ದಾರಿಯಲ್ಲೇ ಅಲ್ಲವೇ ಎಂದು ಸುದ್ದಗುಂಟೆಪಾಳ್ಯದಲ್ಲಿ ಇಳಿದೆ. ಅಲ್ಲಿ ಜಯಮ್ಮನವರ ಮನೆಯ ಮೂರನೇ ಮಹಡಿಯ ಕೋಣೆಯಲ್ಲಿ ಹಿಂದೆ ಬಾಡಿಗೆಗಿದ್ದೆ. ಅವರನ್ನು ಮಾತಾಡಿಸಿ ಹೋಗುವ ಯೋಚನೆ. ಬೆಳಗಿನಿಂದ ಜಿನುಗುತ್ತಿದ್ದ ಮಳೆ ಆಗಷ್ಟೇ ನಿಂತಿತ್ತು. ಗಲ್ಲಿಗೆ ತಿರುಗಿದ ಕೂಡಲೇ ತೊಯ್ದ ಉಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಕರೆಂಟ್ ಕಂಬಕ್ಕೆ ಒಂದು, ಸ್ಕೂಟರಿನ ಹಿಂದಿನ ಕಂಬಿಗೆ ಒಂದು, ಹೀಗೆ ಮನೆಮನೆಯ ಮುಂದೆ ಕುರಿ ಕಟ್ಟಿದ್ದರು. ಮಾರಮ್ಮನ ಹಬ್ಬ ಹತ್ತಿರ ಬಂದಿದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಜಯಮ್ಮನವರ ಗೇಟಿನವರೆಗೆ ಹೋದೆ. ಅಲ್ಲಿ ಕಟ್ಟಿದ್ದ ಕುರಿ ತಲೆಯೆತ್ತಿ ನೋಡಿತು. ಒಳಗೆ ಹೋಗಲಾಗದೆ ಹಿಂದಿರುಗಿ ಬಂದೆ.

ನಾಲ್ಕು ವರ್ಷದ ಹಿಂದಿನ ಆಷಾಢವದು. ಎಂ.ಎ. ಮುಗಿಸಿ ಆ ಖಾಸಗಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿದ್ದೆ. ಡೈರಿ ಬರೆಯುವುದು ನನಗೆ ಹೈಸ್ಕೂಲಿನಿಂದ ಅಂಟಿದ ಅಭ್ಯಾಸ. ಆ ವರ್ಷದ ಡೈರಿಯ ಎಡಗಡೆ ಅಂಚಿನಲ್ಲಿ ಮಳೆ ಬಂದ ದಿನಕ್ಕೊಂದು ಚುಕ್ಕೆ ಇದೆ, ಬಲಗಡೆ ಅಂದು ಎಷ್ಟು ಪುಟ ಪಾಠವಾಯಿತು, ಎಷ್ಟು ಉಳಿಯಿತು ಎಂಬ ಲೆಕ್ಕವಿದೆ. ಜೂನ್ ತಿಂಗಳಿಂದಾಚೆ ಎಡಗಡೆ ಚುಕ್ಕೆಯಿಲ್ಲದ ಪುಟ ಹುಡುಕಬೇಕು.

ನನ್ನ ಪಾಲಿಗೆ ಬಂದದ್ದು ಇಂಗ್ಲಿಷಿನ ಒಂದು ಹಳೆಯ ಕಡಲ ಕಾದಂಬರಿ. ಯುದ್ಧದ ಹಡಗು. ಅದರಲ್ಲಿ ಎಲ್ಲರಿಗೂ ಬೇಕಾದ ಒಬ್ಬ ಎಳೆಯ ನಾವಿಕ, ಅವನನ್ನು ಕಾರಣವಿಲ್ಲದೆ ದ್ವೇಷಿಸುವ ಒಬ್ಬ ಅಧಿಕಾರಿ, ಇಬ್ಬರನ್ನೂ ಬಲ್ಲ, ಓದಿಕೊಂಡ ಕ್ಯಾಪ್ಟನ್. ಅಧಿಕಾರಿ ಸುಳ್ಳು ದೂರು ಹೊರಿಸುತ್ತಾನೆ. ಹುಡುಗನಿಗೆ ಮಾತು ಹೊರಡುವುದಿಲ್ಲ, ಕೈ ಮುಂದಾಗುತ್ತದೆ. ಒಂದೇ ಏಟಿಗೆ ಅಧಿಕಾರಿ ಸತ್ತುಬೀಳುತ್ತಾನೆ. ಹುಡುಗನ ಮನಸ್ಸಿನಲ್ಲಿ ಕೇಡಿಲ್ಲವೆಂದು ಗೊತ್ತಿದ್ದೂ ಕ್ಯಾಪ್ಟನ್ ನಿಯಮದ ಪ್ರಕಾರ ಅವನನ್ನು ನೇಣಿಗೇರಿಸುತ್ತಾನೆ. ಸಾಯುವ ಮುಂಚೆ ಹುಡುಗ ಕ್ಯಾಪ್ಟನ್ನನಿಗೆ ಒಳ್ಳೆಯದಾಗಲೆಂದು ಹರಸುತ್ತಾನೆ. ಅವನನ್ನು ನೇಣು ಹಾಕಿದ ಹಡಗಿನ ಮರದ ಚೂರುಗಳನ್ನು ಮುಂದೆ ನಾವಿಕರು ಶಿಲುಬೆಯ ಚೂರೆಂಬಂತೆ ಜೋಪಾನ ಮಾಡುತ್ತಾರೆ. ಈ ಕಾದಂಬರಿಯ ಧಾರ್ಮಿಕ ಸಂಕೇತಗಳನ್ನು ವಿವರಿಸಿ ಎಂಬ ಪ್ರಶ್ನೆ ಪರೀಕ್ಷೆಗೆ ಬಂದೇ ಬರುತ್ತಿತ್ತು. ಹತ್ತು ಅಂಕ.

ಎರಡನೇ ಸಾಲಿನ ಕಿಟಕಿ ಪಕ್ಕದ ಬೆಂಚಿನಲ್ಲಿ ಮಲ್ಲಿಕಾರ್ಜುನ ಕೂರುತ್ತಿದ್ದ. ಊರು ಮುದ್ದೇಬಿಹಾಳದ ಹತ್ತಿರದ ಹಳ್ಳಿ, ಬನಶಂಕರಿಯ ಒಂದು ಉಚಿತ ವಿದ್ಯಾರ್ಥಿನಿಲಯದಲ್ಲಿ ವಾಸ. ತರಗತಿಯ ಅರ್ಧಕ್ಕರ್ಧ ಮಂದಿ ಅವನಿಗೆ ಮಲ್ಲಣ್ಣ ಎನ್ನುತ್ತಿದ್ದರು, ಅವನಿಗಿಂತ ದೊಡ್ಡವರೂ. ನನಗೆ ಅವನು ಮಲ್ಲು. ಯಾರದಾದರೂ ಗಾಡಿ ಸ್ಟಾರ್ಟ್ ಆಗದಿದ್ದರೆ ಮಲ್ಲಣ್ಣ, ಯಾರಾದರೂ ತಲೆಸುತ್ತಿ ಬಿದ್ದರೆ ಮಲ್ಲಣ್ಣ. ಕಡಲನ್ನು ಅವನು ನೋಡಿರಲಿಲ್ಲ.

"ಮೇಡಂರಿ, ಒಂದು ಕೇಳ್ಲಿ? ಸಮುದ್ರದಾಗ ಮಳಿ ಬಿದ್ರ ನೀರು ಏರ್ತದೇನ್ರಿ? ನಮ್ಮ ಆಲಮಟ್ಟಿ ಹಿನ್ನೀರು ಏರಿದ್ರ ಊರೇ ಎಬ್ಬಿಸ್ತಾರ."

"ಲೋ ಮಲ್ಲ, ಹತ್ತು ಮಾರ್ಕ್ಸಿಗೆ ಬರಲ್ಲ ಅದು," ಎಂದ ಪಕ್ಕದಲ್ಲಿದ್ದ ಶಶಿ. ಶಶಿ ಜಯಮ್ಮನವರ ಮೊಮ್ಮಗ. ನಾನು ಬಾಡಿಗೆಗಿದ್ದ ಮನೆಯ ಹುಡುಗನೇ ನನ್ನ ವಿದ್ಯಾರ್ಥಿಯಾಗಿದ್ದುದರಿಂದ, ತರಗತಿಯಲ್ಲಿ ನಾನು ಬೈದರೆ ಸಂಜೆಗೆ ನಲ್ಲಿಯಲ್ಲಿ ನೀರು ನಿಲ್ಲುತ್ತದೆ ಎಂದು ಅವರೆಲ್ಲ ತಮಾಷೆ ಮಾಡುತ್ತಿದ್ದರು.

ಕಾಲೇಜಿನ ಕಚೇರಿಯ ಸೂಪರಿಂಟೆಂಡೆಂಟ್ ಪ್ರಭಾಕರ್ ಅವರನ್ನು ಕುರಿತೂ ಇಲ್ಲೇ ಹೇಳಬೇಕು. ದನಿಯೆತ್ತಿ ಮಾತಾಡಿದವರಲ್ಲ. ಪ್ರತಿ ಶನಿವಾರ ಆಂಜನೇಯನ ಗುಡಿಗೆ ಹೋಗಿ ಬಂದು, ನಮ್ಮೆಲ್ಲರ ಮೇಜಿನ ಮೇಲೂ ಕಾಗದದ ಚೂರಿನಲ್ಲಿ ಒಂದೊಂದು ಲಾಡು ಇಟ್ಟು ಹೋಗುತ್ತಿದ್ದರು. ಅತಿಥಿ ಉಪನ್ಯಾಸಕರನ್ನು ಲೆಕ್ಕಕ್ಕಿಟ್ಟುಕೊಂಡಿದ್ದ ಒಬ್ಬರೇ ಮನುಷ್ಯ ಎಂದು ನನಗೆ ಅವರ ಮೇಲೆ ಗೌರವವಿತ್ತು. ಒಮ್ಮೆ ಕಾರಿಡಾರಿನಲ್ಲಿ ಮಲ್ಲು ಮಳೆಯಲ್ಲಿ ನೆನೆದು, ನಗುತ್ತ, ಯಾರದೋ ಛತ್ರಿ ಹಿಡಿದು ಓಡಿ ಬರುತ್ತಿದ್ದ. ಪ್ರಭಾಕರ್ ನನ್ನ ಪಕ್ಕದಲ್ಲಿ ನಿಂತು ಅವನನ್ನೇ ನೋಡಿದರು.

"ಎಷ್ಟು ಚೆನ್ನಾಗಿದಾನೆ ಅಲ್ವಾ ಮೇಡಂ ಹುಡ್ಗ. ಎಲ್ರಿಗೂ ಬೇಕಾದವನು," ಎಂದರು.

ಹೊಗಳಿಕೆಯೇ. ಆದರೆ ಆ ಮಾತು ಹೇಳುವಾಗ ಅವರ ಮುಖದಲ್ಲಿ ನಗು ಇದ್ದಂತೆಯೇ ನಿಂತುಬಿಟ್ಟಿತ್ತು, ಕರಗಲೂ ಇಲ್ಲ, ಬೆಳೆಯಲೂ ಇಲ್ಲ. ಏಕೋ ನನಗೆ ಚಳಿಯೆನಿಸಿತು. ಮಳೆಗಾಲವಲ್ಲವೇ ಎಂದುಕೊಂಡೆ.

ಅದೇ ವಾರ, ಮಲ್ಲು ಬಾರದಿದ್ದ ಒಂದು ದಿನ, ತರಗತಿಯಲ್ಲಿ ಒಬ್ಬಳು ಕೇಳಿದಳು: "ಮಿಸ್, ಆ ಆಫೀಸರ್‌ಗೆ ಹುಡುಗನ ಮೇಲೆ ಯಾಕೆ ಕೋಪ? ಏನೂ ಮಾಡಿಲ್ವಲ್ಲ ಅವನು."

ಏನೂ ಮಾಡದಿರುವುದೇ ಕಾರಣ, ಕೆಲವರ ಕೇಡಿಗೆ ಬೇರೆ ಮೂಲವಿಲ್ಲ, ಹುಟ್ಟಿನಿಂದಲೇ ಬಂದಿರುತ್ತದೆ ಎಂದು ಕಾದಂಬರಿ ಹೇಳುತ್ತದೆ ಎಂದೆ. ನನ್ನ ಮಾತು ನನಗೇ ಪೊಳ್ಳಾಗಿ ಕೇಳಿತು. ಶಶಿ ಹಿಂದಿನಿಂದ, "ದೃಷ್ಟಿ ಬಿತ್ತು ಮಿಸ್ ಅಷ್ಟೇ. ನಮ್ಮಜ್ಜಿ ಆಗಿದ್ರೆ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ ಹಡಗು ಉಳಿಸ್ತಿದ್ರು," ಎಂದ. ಎಲ್ಲರೂ ನಕ್ಕರು. ಆಮೇಲೆ ನಾನು ಕುರಿಮರಿಯ ಸಂಕೇತಕ್ಕೆ ಬಂದೆ. ಹುಡುಗ ಸಾಯುವ ಬೆಳಗ್ಗೆ ಮೋಡ ಕುರಿಮರಿಯ ಉಣ್ಣೆಯಂತೆ ಬೆಳಗುತ್ತದೆ. ಲೋಕದ ಪಾಪ ಹೊತ್ತು ಬಲಿಯಾಗುವ ನಿಷ್ಪಾಪಿ ಕುರಿಮರಿ ಎಂದರೆ ಯೇಸು. ಅವನು ಒಪ್ಪಿ ಬಲಿಯಾಗುತ್ತಾನೆ, ಆ ಒಪ್ಪಿಗೆಯಲ್ಲೇ ಪಾವಿತ್ರ್ಯವಿದೆ ಎಂದು ಹಳೆಯ ವಿಮರ್ಶೆಯ ಪುಸ್ತಕದಲ್ಲಿದ್ದಂತೆ ಬರೆಸಿದೆ.

"ನಮ್ಮನೇಲೂ ಒಪ್ಪಿಗೆ ಕೇಳ್ತಾರೆ ಮಿಸ್, ಕುರಿ ಹತ್ರ. ಭಾನುವಾರ ಬಂದು ನೋಡಿ," ಎಂದ ಶಶಿ.

ಜಯಮ್ಮನವರ ಕುಟುಂಬ ಸುದ್ದಗುಂಟೆಪಾಳ್ಯ ಹಳ್ಳಿಯಾಗಿದ್ದ ಕಾಲದ ಕುಳ. ಈಗ ಬಿಟಿಎಂ ಬಡಾವಣೆಯ ಮನೆಗಳಿರುವ ಕಡೆ ಅವರ ರಾಗಿ ಹೊಲವಿತ್ತಂತೆ. ಹೊಲ ಹೋದರೂ ಹಬ್ಬ ಹೋಗಿರಲಿಲ್ಲ. ಭಾನುವಾರ ಮಲ್ಲುವೂ ಬಂದಿದ್ದ. ಅವನು ಮಾಂಸ ತಿನ್ನುವವನಲ್ಲ, ಸುಮ್ಮನೆ ಶಶಿಯ ಜೊತೆಗೆಂದು ಬಂದು ಬೆಳಗಿನಿಂದ ಕುರಿಗೆ ಹಲಸಿನ ಎಲೆ ತಿನ್ನಿಸುತ್ತ ಕೂತಿದ್ದ. ಆ ನಡುವೆ ಒಂದು ಸಣ್ಣ ಗಲಾಟೆಯೂ ಆಯಿತು. ಯಾರೋ ತಾರಸಿಯ ನಲ್ಲಿ ಬಿಟ್ಟು ಬಂದು ಟ್ಯಾಂಕೆಲ್ಲ ಖಾಲಿಯಾಗಿತ್ತು. ಜಯಮ್ಮನವರು ಎದುರಿಗೆ ಸಿಕ್ಕ ಮಲ್ಲುವನ್ನು ಹಿಡಿದು ಬೈದರು. ಅವನು ಒಂದು ಮಾತೂ ಆಡದೆ ಬಗ್ಗಿ ಅವರ ಕಾಲು ಮುಟ್ಟಿ, "ತಪ್ಪಾತ್ರಿ ಅಜ್ಜಿ," ಎಂದ. ಅಷ್ಟಕ್ಕೇ ಅವರು ತಣ್ಣಗಾಗಿ ಅವನ ತಲೆ ಸವರಿದರು. ಆಗ ಅವನು ಮೆಲ್ಲಗೆ ಹೇಳಿದ.

"ನಲ್ಲಿ ಬಿಟ್ಟಾಂವ ನಿಮ್ಮ ಶಶಿ ಅಜ್ಜಿ."

"ಅಯ್ಯೋ ಮಂಕೇ, ಮೊದ್ಲೇ ಹೇಳೋಕೇನಾಗಿತ್ತು ನಿನಗೆ?"

"ನಿಮ್ಮ ಸಿಟ್ಟು ಇಳೀಲಿ ಅಂತ ಕಾದೆ."

ಜಯಮ್ಮನವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಶಶಿ ಮಾತ್ರ ಆವತ್ತು ಊಟದವರೆಗೂ ಅಜ್ಜಿಯ ಕೈಗೆ ಸಿಗಲಿಲ್ಲ.

ಮಧ್ಯಾಹ್ನ ಮಾರಮ್ಮನ ಗುಡಿಯ ಮುಂದೆ ಕುರಿಯ ಕೊರಳಿಗೆ ಹೂವಿನ ಹಾರ ಹಾಕಿ, ಹಣೆಗೆ ಅರಿಶಿನ ಕುಂಕುಮವಿಟ್ಟು ನಿಲ್ಲಿಸಿದರು. ಪೂಜಾರಿ ಬೇವಿನ ಎಲೆ ಅದ್ದಿದ ನೀರನ್ನು ಅದರ ಬೆನ್ನಿಗೆ ಹಾಕಿದ. ಸುತ್ತಲಿದ್ದವರು ಉಸಿರು ಬಿಗಿಹಿಡಿದು ಕಾದರು. ಕುರಿ ಮೈ ಕೊಡವಿದರೆ ದೇವಿ ಒಪ್ಪಿದಳು, ಕುರಿಯೂ ಒಪ್ಪಿತು ಎಂದರ್ಥ. ಅದು ಸುಮ್ಮನೆ ನಿಂತಿತ್ತು. ಇನ್ನೊಮ್ಮೆ ಹಾಕಿದರು. ಜನ ಕೈ ಮುಗಿದು, "ತಪ್ಪೇನಾದ್ರೂ ಇದ್ರೆ ಹೊಟ್ಟೆಗೆ ಹಾಕ್ಕೊ ತಾಯಿ," ಎಂದರು. ಆಮೇಲೆ ಒಬ್ಬ ಚೊಂಬನ್ನೇ ಎತ್ತಿ ಕಿವಿಯ ಮೇಲೆ ಸುರಿದ. ಕುರಿ ಕಿವಿಯಿಂದ ಬಾಲದವರೆಗೆ ಒಮ್ಮೆ ಕೊಡವಿತು. "ಕೊಟ್ಳು ಕೊಟ್ಳು, ಅಪ್ಪಣೆ ಆಯ್ತು!" ಎಂದು ತಮಟೆ ಎದ್ದಿತು.

"ಕೊಡವದೇ ಹೋದ್ರೆ ಏನ್ ಮಾಡ್ತಾರೆ ಆಂಟಿ?" ಎಂದು ಕೇಳಿದೆ.

"ಕೊಡವದೆ ಎಲ್ಲಿಗೆ ಹೋಗ್ತದೆ? ಕೊಡವೋವರ್ಗೂ ಹಾಕ್ತಾರೆ," ಎಂದರು ಜಯಮ್ಮ.

ಮಲ್ಲು ಅಲ್ಲಿರಲಿಲ್ಲ. ತಿರುಗಿ ನೋಡಿದರೆ ದೂರದಲ್ಲಿ, ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ, ಉಳಿದ ಹಲಸಿನ ಎಲೆಗಳನ್ನು ಹಿಡಿದು ಕೂತಿದ್ದ.

ಇದಾಗಿ ಹದಿನೈದು ದಿನಕ್ಕೆ ನಮ್ಮ ಕಾಲೇಜಿನ ಆಂತರಿಕ ಪರೀಕ್ಷೆಯ ಪ್ರಶ್ನೆಪತ್ರಿಕೆ ಹಿಂದಿನ ದಿನವೇ ಹುಡುಗರ ವಾಟ್ಸಾಪಿನಲ್ಲಿ ಓಡಾಡಿತು. ವಿಶ್ವವಿದ್ಯಾಲಯದ ಪರಿಶೀಲನಾ ತಂಡ ಬರುವ ಸಮಯ. ಯಾರು ಎಂಬುದು ತಂಡ ಬರುವುದರೊಳಗೆ ಗೊತ್ತಾಗಲೇಬೇಕಿತ್ತು. ಪ್ರಭಾಕರ್ ಹೋಗಿ ಪ್ರಿನ್ಸಿಪಾಲರಿಗೆ ಹೇಳಿದರು: ಜೆರಾಕ್ಸ್ ಕೋಣೆಯಿಂದ ಬಂಡಲು ಹೊರಲು ಮಲ್ಲಿಕಾರ್ಜುನ ಬಂದಿದ್ದ, ಮೊಬೈಲ್ ಹಿಡಿದು ಬಗ್ಗಿದ್ದನ್ನು ಕಣ್ಣಾರೆ ಕಂಡೆ. ಬಂಡಲು ಹೊರಲು ಅವನನ್ನು ಕರೆದವರೂ ಅವರೇ. ಮೊಬೈಲ್ ತಡಕಿದರು, ಏನೂ ಸಿಗಲಿಲ್ಲ. ಅಳಿಸಿಹಾಕಿರುತ್ತಾನೆ ಎಂದರು.

ವಿಚಾರಣೆ ಪ್ರಿನ್ಸಿಪಾಲರ ಕೋಣೆಯಲ್ಲಿ ನಡೆಯಿತು. ಅಲ್ಲಿದ್ದವರು ಪ್ರಿನ್ಸಿಪಾಲರು, ಇಬ್ಬರು ಹಿರಿಯ ಅಧ್ಯಾಪಕರು, ದೂರು ಕೊಟ್ಟ ಪ್ರಭಾಕರ್, ಮತ್ತು ಆ ತರಗತಿಯ ಜವಾಬ್ದಾರಿ ನನ್ನದಾಗಿದ್ದುದರಿಂದ ಮೂಲೆಯ ಕುರ್ಚಿಯಲ್ಲಿ ನಾನು. ಪ್ರಿನ್ಸಿಪಾಲರು ಪುಸ್ತಕ ಓದುವ ಮನುಷ್ಯ. ಮಲ್ಲುವಿಗೆ ಕಳೆದ ವರ್ಷದ ಶುಲ್ಕ ತಾವೇ ಕಟ್ಟಿದ್ದರು. ಕಾರಿಡಾರಿನಲ್ಲಿ ಸಿಕ್ಕಾಗಲೆಲ್ಲ ಆ ಕಾದಂಬರಿ ಎಲ್ಲಿಗೆ ಬಂತು ಎಂದು ನನ್ನನ್ನು ಕೇಳುತ್ತಿದ್ದರು.

ಪ್ರಭಾಕರ್ ತಮ್ಮ ಮೆಲುದನಿಯಲ್ಲಿ ಎಲ್ಲವನ್ನೂ ಇನ್ನೊಮ್ಮೆ ಹೇಳಿದರು. ಮಲ್ಲು ಅವರನ್ನೇ ನೋಡುತ್ತ ನಿಂತಿದ್ದ. ನಂಬಲಾಗದವನಂತೆ, ಬೇರೆ ಯಾರದೋ ಕಥೆ ಕೇಳುವವನಂತೆ. ಹಿರಿಯ ಅಧ್ಯಾಪಕರೊಬ್ಬರು ಮೇಜು ಕುಟ್ಟಿದರು. "ಮಾತಾಡೋ. ಕಾಲೇಜಿನ ಮಾನ ಕಳೆದು ಕಂಬದ ಥರ ನಿಂತಿದೀಯಲ್ಲ."

ಆ ಏರಿದ ದನಿ ಕೇಳಿದ್ದೇ ತಡ, ಮಲ್ಲು ಎರಡು ಹೆಜ್ಜೆ ಮುಂದೆ ಬಂದು ಅವರ ಕಾಲು ಮುಟ್ಟಿದ. ಆಮೇಲೆ ಪ್ರಭಾಕರ್ ಅವರ ಕಾಲನ್ನೂ ಮುಟ್ಟಿದ. "ತಪ್ಪಾತ್ರಿ ಸರ," ಎಂದ.

ಕೋಣೆ ಒಮ್ಮೆಲೇ ಸಡಿಲವಾಯಿತು. ಅದನ್ನು ನಾನು ಕಣ್ಣಾರೆ ಕಂಡೆ. ಕುರ್ಚಿಗಳು ಹಿಂದಕ್ಕೆ ಸರಿದವು, ಯಾರೋ ಉಸಿರು ಬಿಟ್ಟರು. ಗುಡಿಯ ಮುಂದೆ ಚೊಂಬು ಖಾಲಿಯಾದ ಮೇಲೆ ಆದದ್ದೂ ಹೀಗೆಯೇ.

ಪ್ರಭಾಕರ್ ಬಗ್ಗಿ ಅವನ ಭುಜ ಹಿಡಿದು ಎಬ್ಬಿಸಿದರು. "ಏಳಪ್ಪ, ಏಳು. ಒಪ್ಕೊಂಡ್ಯಲ್ಲ, ಅಷ್ಟೇ ಸಾಕು."

ಮಲ್ಲು ಬಾಯಿ ತೆರೆದ. "ಸರ, ನಾನು..."

"ಆಯ್ತು, ಆಯ್ತು ಬಿಡು. ಹೊರಗೆ ಕೂತ್ಕೋ."

ನಾನು ಎದ್ದು ನಿಂತೆ. ಅದು ಒಪ್ಪಿಕೊಂಡದ್ದಲ್ಲ, ಹಿರಿಯರು ಸಿಟ್ಟಾದರೆ ಅವನು ಯಾವಾಗಲೂ ಹಾಗೇ ಮಾಡುತ್ತಾನೆ, ಆಮೇಲೆ ಮಾತಾಡುತ್ತಾನೆ, ಅವನನ್ನು ಮತ್ತೆ ಕರೆಯಿರಿ ಎಂದೆ. ಜಯಮ್ಮನವರ ನಲ್ಲಿಯ ವಿಷಯವನ್ನೂ ಹೇಳಿದೆ. ಹಿರಿಯ ಅಧ್ಯಾಪಕರು ಮುಗುಳ್ನಕ್ಕರು. ಎಲ್ಲರೂ ಹೋದ ಮೇಲೆ ಪ್ರಿನ್ಸಿಪಾಲರು ನನ್ನನ್ನು ನಿಲ್ಲಿಸಿಕೊಂಡರು.

"ಅವನು ಮಾಡಿಲ್ಲ ಅಂತ ನನಗೂ ಗೊತ್ತು ಮೇಡಂ."

"ಮತ್ತೆ ಸರ್?"

"ನನಗೆ ಗೊತ್ತಿರೋದನ್ನ ಎಲ್ಲಿ ಬರೀಲಿ? ನೋಡಿದೀನಿ ಅಂದವರು ಒಬ್ರಿದಾರೆ. ಕಾಲಿಗೆ ಬಿದ್ದದ್ದನ್ನ ನಾಲ್ಕು ಜನ ನೋಡಿದಾರೆ. ಇವತ್ತು ಬಿಟ್ರೆ ನಾಳೆ ತಂಡದವರು ಏನ್ ಕೇಳ್ತಾರೆ ಅಂತ ನಿಮಗೆ ಗೊತ್ತಿಲ್ಲ."

ಮಲ್ಲುವನ್ನು ಆ ವರ್ಷದ ತರಗತಿಯಿಂದಲೂ ಪರೀಕ್ಷೆಯಿಂದಲೂ ಹೊರಗಿಟ್ಟರು. ಕಾಗದಕ್ಕೆ ಸಹಿ ಹಾಕಿ ಹೊರಡುವಾಗ ಅವನು ಪ್ರಿನ್ಸಿಪಾಲರಿಗೆ ಕೈ ಮುಗಿದು, "ನಿಮಗ ಚಲೋ ಆಗ್ಲಿರಿ ಸರ," ಎಂದನಂತೆ. ಅದನ್ನು ನನಗೆ ಹೇಳಿದವರು ಪ್ರಭಾಕರ್. "ಹುಡ್ಗನಿಗೆ ಮನಸ್ಸಲ್ಲಿ ಏನೂ ಇಲ್ಲ ನೋಡಿ ಮೇಡಂ, ತಪ್ಪು ಅರಿವಾಗಿದೆ," ಎಂದು. ಆ ಶನಿವಾರ ನನ್ನ ಮೇಜಿನ ಮೇಲಿಟ್ಟ ಲಾಡು ಸೋಮವಾರದವರೆಗೂ ಅಲ್ಲೇ ಇತ್ತು. ಇರುವೆಗಳು ಸಾಲುಗಟ್ಟಿ ಬಂದಿದ್ದವು.

ಕಾಲೇಜಿನಿಂದ ಹೊರಬಿದ್ದವನಿಗೆ ವಿದ್ಯಾರ್ಥಿನಿಲಯದಲ್ಲಿ ಜಾಗವಿಲ್ಲ. ಊರಿಗೆ ಹೋಗಿ ಅಪ್ಪನಿಗೆ ಹೇಳುವ ಧೈರ್ಯ ಅವನಿಗಿರಲಿಲ್ಲ. ಮನೆಗೆ ಬಂದುಬಿಡು ಎಂದು ಶಶಿ ಗೋಗರೆದರೂ ಕೇಳದೆ, ಮಡಿವಾಳ ಮಾರುಕಟ್ಟೆಯಲ್ಲಿ ಟೊಮೆಟೊ ಮಂಡಿಯೊಂದಕ್ಕೆ ಲೋಡು ಇಳಿಸಲು ಸೇರಿಕೊಂಡ. ಮಲಗುವುದೂ ಅಲ್ಲೇ, ಕ್ರೇಟುಗಳ ಸಂದಿಯಲ್ಲಿ. ಒಂದು ಸಂಜೆ ಶಶಿಯ ಜೊತೆ ಹೋಗಿ ನೋಡಿದೆ. ಮಳೆನೀರು, ಕೊಳೆತ ಸೊಪ್ಪು, ಸೊಳ್ಳೆ. ಅವನು ಮಾತ್ರ ಒಂದು ಕ್ರೇಟನ್ನು ಗೋಣಿಯಿಂದ ಒರೆಸಿ, "ಕೂಡ್ರಿ ಮೇಡಂ," ಎಂದ.

"ಅವತ್ತು ಯಾಕೋ ಕಾಲಿಗೆ ಬಿದ್ದೆ?" ಎಂದು ಶಶಿ ಸಿಟ್ಟಿನಿಂದಲೇ ಕೇಳಿದ.

"ನಮ್ಮಪ್ಪ ಹೇಳ್ತಿದ್ದ. ಹಿರ್ಯಾರು ಸಿಟ್ಟಾದಾಗ ಯಾರ ತಪ್ಪು ಅಂತ ಕೇಳಬ್ಯಾಡ, ಮೊದಲ ಕಾಲು ಮುಟ್ಟು, ಸಿಟ್ಟು ಇಳಿದ ಮ್ಯಾಲ ನಿನ್ನ ಮಾತು ಹೇಳು ಅಂತ." ಸ್ವಲ್ಪ ಹೊತ್ತು ಟೊಮೆಟೊ ಆರಿಸಿದ. "ಊರಾಗ ಕಾಲು ಮುಟ್ಟಿದ ಮ್ಯಾಲ ಎಲ್ಲಾರೂ ಮಾತು ಕೇಳ್ತಾರ. ಇಲ್ಲಿ ಅದ ಕಡೀ ಮಾತು ಅಂತ ನನಗ ಗೊತ್ತಿರಲಿಲ್ಲ."

ಮುಂದಿನ ವರ್ಷ ಪರೀಕ್ಷೆ ಕಟ್ಟಿಸುತ್ತೇನೆ ಎಂದೆ. ಕಾದಂಬರಿಯಲ್ಲಿ ಆ ಹುಡುಗ ಉಳಿಯುತ್ತಾನೋ ಇಲ್ಲವೋ ಎಂದು ಕೇಳಿದ. ತರಗತಿ ತಪ್ಪಿದ್ದರಿಂದ ಅವನಿಗೆ ಕೊನೆ ಗೊತ್ತಿರಲಿಲ್ಲ. ಇನ್ನೂ ಅಲ್ಲಿಗೆ ಬಂದಿಲ್ಲ ಎಂದೆ.

ಆಗಸ್ಟಿನಲ್ಲಿ ಅವನಿಗೆ ಜ್ವರ ಬಂತು. ಮೂರು ದಿನ ಗುಳಿಗೆ ನುಂಗಿ ಲೋಡು ಇಳಿಸಿದ್ದಾನೆ. ನಾಲ್ಕನೆಯ ದಿನ ಮಂಡಿಯವರು ಶಶಿಗೆ ಫೋನು ಮಾಡಿದರು. ಡೆಂಗಿ, ಪ್ಲೇಟ್‌ಲೆಟ್ ತೀರಾ ಇಳಿದಿದೆ ಎಂದರು ಆಸ್ಪತ್ರೆಯವರು. ಶಶಿ ಮತ್ತವನ ಗೆಳೆಯರು ರಕ್ತಕ್ಕಾಗಿ ಓಡಾಡಿದರು. ಮುದ್ದೇಬಿಹಾಳದಿಂದ ಅವನ ಅಪ್ಪ ಬಸ್ಸಿಳಿದು ಆಸ್ಪತ್ರೆಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಕಾರಿಡಾರಿನಲ್ಲಿ ನಾನೂ ಇದ್ದೆ. ಕೈಯಲ್ಲಿ ರೊಟ್ಟಿಯ ಗಂಟು ಹಿಡಿದಿದ್ದ, ಮಲ್ಲುವಿನದೇ ಮುಖದ, ಬಡಕಲು ಮನುಷ್ಯ. ರಾತ್ರಿಯಿಡೀ ದುಡಿದು ಸಾಕಾಗಿದ್ದ ಎಳೆಯ ಡಾಕ್ಟರು ಅವರನ್ನು ಕಂಡು ರೇಗಿದರು. "ಇಷ್ಟು ಲೇಟಾಗಿ ತರ್ತೀರಲ್ಲ, ಮೊದಲನೇ ದಿನಾನೇ ಬರೋಕೇನಾಗಿತ್ತು ನಿಮಗೆ?"

ಅಪ್ಪ ಗಂಟನ್ನು ನೆಲಕ್ಕಿಟ್ಟು, ಬಗ್ಗಿ, ಡಾಕ್ಟರ ಕಾಲು ಮುಟ್ಟಿದರು. "ತಪ್ಪಾತ್ರಿ ಸಾಹೇಬ್ರ," ಎಂದರು.

ಆಮೇಲೆ ಎದ್ದು, ಡಾಕ್ಟರ ಸಿಟ್ಟು ಇಳಿಯಲೆಂದು ಕಾಯುತ್ತ ನಿಂತರು. ಅವರಿಗೆ ಹೇಳಬೇಕಾದದ್ದು ಏನೋ ಇತ್ತು. ಡಾಕ್ಟರು ಆಗಲೇ ಮುಂದಿನ ವಾರ್ಡಿಗೆ ನಡೆದಿದ್ದರು.

ಡೈರಿಯಲ್ಲಿ ಅಂದಿನ ಪುಟದ ಎಡಗಡೆ ಚುಕ್ಕೆ ಇದೆ. ಬಲಗಡೆ ಖಾಲಿ.

ಸೆಪ್ಟೆಂಬರಿನ ಎರಡನೇ ಆಂತರಿಕ ಪರೀಕ್ಷೆಯ ಪ್ರಶ್ನೆಪತ್ರಿಕೆಯೂ ಹಿಂದಿನ ದಿನವೇ ಹೊರಗೆ ಬಂತು. ಈ ಸಲ ಯಾರೂ ವಿಚಾರಣೆಯ ಮಾತೆತ್ತಲಿಲ್ಲ. ಪರಿಶೀಲನಾ ತಂಡ ಬಂದು ಹೋಗಿಯಾಗಿತ್ತು. ಪ್ರಭಾಕರ್ ಏಕೆ ಹಾಗೆ ಹೇಳಿದರು, ಪತ್ರಿಕೆ ಹೊರಗೆ ಹೋದದ್ದು ಅವರಿಂದಲೋ ಬೇರೆ ಯಾರಿಂದಲೋ, ನನಗೆ ಇಂದಿಗೂ ತಿಳಿಯದು. ಅವರ ಲಾಡು ತಪ್ಪಲಿಲ್ಲ.

ಪ್ರಿನ್ಸಿಪಾಲರು ಒಂದು ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತರು.

"ಆ ಕಾದಂಬರಿ ಮುಗೀತಾ ಮೇಡಂ?"

"ಇನ್ನೊಂದು ಕ್ಲಾಸಿದೆ ಸರ್."

"ಕ್ಯಾಪ್ಟನ್ ಬಗ್ಗೆ ಹುಡುಗರು ಏನಂತಾರೆ?"

"ಒಳ್ಳೆಯವನು ಅಂತಾರೆ ಸರ್."

ಅವರು ತಲೆಯಾಡಿಸಿ ಹೋದರು.

ಕೊನೆಯ ತರಗತಿಯಲ್ಲಿ ಹುಡುಗ ಕ್ಯಾಪ್ಟನ್ನನನ್ನು ಹರಸುವ ಪುಟ ಓದಿದೆ. ಕಿಟಕಿ ಪಕ್ಕದ ಬೆಂಚಿನಲ್ಲಿ ಶಶಿ ಒಬ್ಬನೇ ಇದ್ದ. ಅವನು ಕೈಯೆತ್ತಲಿಲ್ಲ, ಕೂತಲ್ಲಿಂದಲೇ ಹೇಳಿದ: "ಒಪ್ಪಿಗೆ ಅಂತ ಬರೆಸಿದ್ರಲ್ಲ ಮಿಸ್, ಅದನ್ನ ಹೊಡೆದು ಹಾಕ್ತಾ ಇದೀನಿ. ಕುರಿ ಒದ್ದೆ ಆಗಿತ್ತು, ಅಷ್ಟೇ." ನಾನೂ ನನ್ನ ಪ್ರತಿಯಲ್ಲಿ ಆ ಸಾಲಿಗೆ ಗೆರೆ ಎಳೆದೆ. ಸೆಮಿಸ್ಟರ್ ಮುಗಿದ ಮೇಲೆ ಕಾಲೇಜು ಬಿಟ್ಟೆ, ಕೋಣೆಯನ್ನೂ ಬಿಟ್ಟೆ.

ಕಳೆದ ವಾರ ಜಯಮ್ಮನವರ ಗೇಟಿನಿಂದ ಹಿಂದಿರುಗಿದವಳು ಬನ್ನೇರುಘಟ್ಟ ರಸ್ತೆ ದಾಟಿ ಕಾಲೇಜಿಗೆ ನಡೆದೇ ಹೋದೆ. ಪ್ರಮಾಣಪತ್ರಕ್ಕೆ ಅರ್ಧ ಗಂಟೆ ಕಾಯಿರಿ ಎಂದರು. ಅಂದು ಆಂತರಿಕ ಪರೀಕ್ಷೆ. ಹಳೆಯ ತರಗತಿಯ ಬಾಗಿಲಲ್ಲಿ ಹುಡುಗ ಹುಡುಗಿಯರು ಸಾಲಾಗಿ ಒಳಗೆ ಹೋಗಿ ಬರುತ್ತಿದ್ದರು. ಇಣುಕಿ ನೋಡಿದೆ. ಎರಡನೇ ಸಾಲಿನ ಕಿಟಕಿ ಪಕ್ಕದ ಬೆಂಚಿನ ಅಂಚಿಗೆ ಕುಂಕುಮ ಹಚ್ಚಿತ್ತು, ಮೇಲೊಂದು ಸೇವಂತಿಗೆ. 'ಮಲ್ಲಣ್ಣ ಕಾಪಾಡು' ಎಂದು ಕಂಪಾಸಿನ ಮೊನೆಯಿಂದ ಕೆತ್ತಿದ್ದರು. ಒಂದು ಮೂಲೆಯ ಮರ ಕಿತ್ತುಹೋಗಿತ್ತು. ಚೂರುಗಳನ್ನು ಪೆನ್ಸಿಲ್ ಬಾಕ್ಸಿನಲ್ಲಿಟ್ಟುಕೊಳ್ಳಲು ಒಯ್ಯುತ್ತಾರಂತೆ. ಬಂದವರು ಬೆಂಚು ಮುಟ್ಟಿ ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದರು.

"ಯಾರಮ್ಮ ಮಲ್ಲಣ್ಣ?" ಎಂದು ಒಬ್ಬ ಹುಡುಗಿಯನ್ನು ಕೇಳಿದೆ.

"ಗೊತ್ತಿಲ್ವಾ ಮೇಡಂ? ನಮ್ಮ ಸೀನಿಯರ್. ಎಲ್ರೂ ಪಾಸಾಗ್ಲಿ ಅಂತ ಕ್ವೆಶ್ಚನ್ ಪೇಪರ್ ಲೀಕ್ ಮಾಡಿದ್ರಂತೆ. ಸಿಕ್ಕಿಬಿದ್ರೂ ಯಾರ ಹೆಸ್ರೂ ಹೇಳ್ಲಿಲ್ವಂತೆ. ಇಲ್ಲಿ ಕೈ ಮುಗಿದ್ರೆ ಓದಿದ್ದೇ ಬರುತ್ತೆ."

"ಅವನು ನನ್ನ ಸ್ಟೂಡೆಂಟ್," ಎಂದೆ. "ಅವನು ಏನೂ ಲೀಕ್ ಮಾಡಿರಲಿಲ್ಲ. ಅವನದೇನೂ ತಪ್ಪಿರಲಿಲ್ಲ."

ಹುಡುಗಿ ನನ್ನನ್ನೂ ಬೆಂಚನ್ನೂ ಒಮ್ಮೆ ನೋಡಿದಳು. ಅವಳ ಮುಖ ಸಪ್ಪಗಾಯಿತು.

"ಹಾಗಾದ್ರೆ ಕೈ ಮುಗಿದು ಏನ್ ಪ್ರಯೋಜನ ಮೇಡಂ?"

ಗಂಟೆ ಹೊಡೆಯಿತು. ಅವಳು ಒಂದು ಕ್ಷಣ ಅನುಮಾನಿಸಿ, ಇರಲಿ ಎಂಬಂತೆ ಬೆಂಚನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಪರೀಕ್ಷೆಗೆ ಓಡಿದಳು.